ಕೊಳಚೆ ನೀರಿನ ಸೊಪ್ಪಿನ ಭಯ: ಬೆಂಗಳೂರಿನ ಸುತ್ತಲಿನ ತರಕಾರಿಯನ್ನು ಕೊಳ್ಳುವುದೋ, ಮನೆಯಲ್ಲೇ ಬೆಳೆಯುವುದೋ?

ನಾಗರಬಾವಿ ನಿವಾಸಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸುತ್ತಮುತ್ತ ಬೆಳೆದ ತರಕಾರಿಯಲ್ಲಿ ಸೀಸ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳು ಮಿತಿ ಮೀರಿವೆ ಎಂಬ ಸುದ್ದಿ ಒಂದೆರಡು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಬಂದಾಗಲೆಲ್ಲ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಗಾಡಿಯವರಿಂದ ಸೊಪ್ಪು ಕೊಳ್ಳಬೇಡಿ ಎಂಬ ಸಂದೇಶಗಳು ಹರಿದಾಡುತ್ತವೆ. ಹದಿನೈದು ದಿನ ಎಲ್ಲರೂ ಆ್ಯಪ್‌ಗಳಿಂದ ತರಿಸುತ್ತಾರೆ, ಆಮೇಲೆ ಎಲ್ಲವೂ ಮರೆತುಹೋಗುತ್ತದೆ. ನಮ್ಮ ಮನೆಯಲ್ಲಿ ವಯಸ್ಸಾದವರೂ ಇದ್ದಾರೆ, ಚಿಕ್ಕ ಮಕ್ಕಳೂ ಇದ್ದಾರೆ. ದಿನಕ್ಕೊಂದು ಸೊಪ್ಪು ಆಗಲೇಬೇಕು. ಸ್ಥಳೀಯವಾಗಿ ಬೆಳೆದದ್ದೇ ಒಳ್ಳೆಯದು ಎಂದು ಒಂದು ಕಡೆ ಹೇಳುತ್ತಾರೆ, ಸ್ಥಳೀಯವಾಗಿ ಬೆಳೆದದ್ದರಲ್ಲೇ ವಿಷವಿದೆ ಎಂದು ಇನ್ನೊಂದು ಕಡೆ ಹೇಳುತ್ತಾರೆ. ಯಾರಿಂದ ಕೊಳ್ಳಬೇಕು, ಏನನ್ನು ಕೇಳಿ ಕೊಳ್ಳಬೇಕು, ತಾರಸಿಯಲ್ಲಿ ಬೆಳೆದರೆ ಈ ಚಿಂತೆ ನಿಜವಾಗಿಯೂ ತಪ್ಪುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ತಾರಸಿ ತೋಟ:
ಮನೆಯಲ್ಲೇ ಬೆಳೆಯಿರಿ. ನಾಲ್ಕು ಜನರ ಕುಟುಂಬಕ್ಕೆ ಸಾಲುವಷ್ಟು ಸೊಪ್ಪನ್ನು ತಾರಸಿಯಲ್ಲೇ ಬೆಳೆಯಬಹುದು. ಹರಿವೆ, ಮೆಂತ್ಯ, ಪಾಲಕ್‌ಗಳನ್ನು ವಾರಕ್ಕೊಂದು ಡಬ್ಬದಂತೆ ಬಿತ್ತುತ್ತ ಹೋದರೆ ಕೊಯ್ಲು ನಿಲ್ಲುವುದೇ ಇಲ್ಲ. ಬಸಳೆ ಒಮ್ಮೆ ಬೇರೂರಿದರೆ ಸಾಕು, ನೀವೇ ಬೇಡವೆನ್ನುವವರೆಗೂ ಕೊಡುತ್ತದೆ.

ಮಾಲೂರಿನ ಬೆಳೆಗಾರ:
ಈ ವಿಷಯ ಬಂದಾಗಲೆಲ್ಲ ನನಗೆ ನೋವಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಾನು ಕೊತ್ತಂಬರಿ, ಸಬ್ಬಸಿಗೆ, ದಂಟು ಮತ್ತು ಮೂಲಂಗಿ ಬೆಳೆಯುತ್ತೇನೆ. ನನ್ನ ಹೊಲಕ್ಕೆ ಬರುವುದು ಕೊಳವೆಬಾವಿಯ ನೀರು ಮಾತ್ರ. ಆದರೂ ಕೊಳಚೆ ನೀರಿನ ಸುದ್ದಿ ಬಂದ ಮರುದಿನ ಮಂಡಿಯಲ್ಲಿ ನನ್ನ ಕಟ್ಟಿಗೂ ಕೊಳಚೆ ನೀರಿನ ಕಟ್ಟಿಗೂ ಒಂದೇ ದರ, ಏಕೆಂದರೆ ಹರಾಜಿನ ರಾಶಿಯಲ್ಲಿ ಯಾವ ಕಟ್ಟು ಯಾವ ಊರಿನದೆಂದು ಕೇಳುವವರೇ ಇಲ್ಲ. ನಸುಕಿನಲ್ಲಿ ಕಲಾಸಿಪಾಳ್ಯದಲ್ಲಿ ಲಾರಿಯಿಂದ ಇಳಿಸಿದ ಕಟ್ಟುಗಳನ್ನು ಒದ್ದೆ ನೆಲದ ಮೇಲೆ ಒಟ್ಟುತ್ತಾರೆ, ಬಾಡದಿರಲೆಂದು ಸಿಕ್ಕಿದ ನೀರನ್ನು ಚಿಮುಕಿಸುತ್ತಾರೆ, ಅಲ್ಲಿಂದಾಚೆಗೆ ನನ್ನ ಸೊಪ್ಪು ನನ್ನದಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು. ಹೊಲದಲ್ಲಿ ಒಳ್ಳೆಯ ನೀರು ಕುಡಿದ ಮೂಲಂಗಿ, ಕ್ಯಾರೆಟ್‌ಗಳನ್ನೂ ಮಾರುಕಟ್ಟೆಗೆ ಒಯ್ಯುವ ದಾರಿಯಲ್ಲಿ ಸಿಕ್ಕ ಕೆರೆಯಲ್ಲೋ ಕಾಲುವೆಯಲ್ಲೋ ಅದ್ದಿ ಮಣ್ಣು ತೊಳೆಯುವ ರೂಢಿ ಹಲವು ಕಡೆ ಇದೆ. ಪೇಟೆಯವರಿಗೆ ಬೆಳ್ಳಗೆ ಹೊಳೆಯುವ ಮೂಲಂಗಿಯೇ ಬೇಕು. ಮಣ್ಣು ಮೆತ್ತಿದ ಮೂಲಂಗಿಯನ್ನು ಕೊಂಡು ನಿಮ್ಮ ನಲ್ಲಿಯಲ್ಲಿ ತೊಳೆದುಕೊಳ್ಳಿ. ಈ ಒಂದು ಕೆಲಸದಿಂದಲೇ ಎಷ್ಟೋ ಕೊಳೆ ತಪ್ಪುತ್ತದೆ.

ಬಿಡದಿ ಕಡೆಯವನು:
ಮಾಲೂರಿನವರ ಮಾತನ್ನು ಒಪ್ಪುತ್ತೇನೆ, ಆದರೆ ನಮ್ಮ ಕಡೆಯ ಪರಿಸ್ಥಿತಿಯನ್ನೂ ಕೇಳಿ. ವೃಷಭಾವತಿ ಬೆಂಗಳೂರಿನ ಚರಂಡಿಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು ಬಂದು ಬೈರಮಂಗಲ ಜಲಾಶಯ ಸೇರುತ್ತದೆ. ಆ ಜಲಾಶಯವನ್ನು ಕಟ್ಟಿದ್ದು ನಮ್ಮ ಹೊಲಗಳಿಗೆ ನೀರುಣಿಸಲು. ನಮ್ಮ ಹಿರಿಯರು ಅದರ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದರು, ನಾವು ನೊರೆ ನೋಡುತ್ತ ಬೆಳೆದೆವು. ಈಗ ಅಲ್ಲಿ ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ, ತೆಂಗು ಹೆಚ್ಚು, ತರಕಾರಿ ಕಡಿಮೆ. ನಾಲೆಯ ನೀರಿಗೆ ಕೈ ಹಾಕಿದರೆ ಚರ್ಮ ತುರಿಸುತ್ತದೆ ಎಂದು ಕೂಲಿಯವರೇ ಬರುವುದಿಲ್ಲ. ರೈತನಿಗೆ ಬೇರೆ ನೀರು ಸಿಗದಂತೆ ಮಾಡಿ, ಅವನು ಆ ನೀರಿನಲ್ಲಿ ಬೆಳೆದಾಗ ಅವನನ್ನು ವಿಷ ಬೆಳೆಯುವವನು ಎಂದು ಕರೆಯುವುದು ನ್ಯಾಯವಲ್ಲ. ಆ ಹೊಳೆಗೆ ಬಂದದ್ದು ನಾಗರಬಾವಿ, ರಾಜರಾಜೇಶ್ವರಿ ನಗರ, ಕೆಂಗೇರಿಗಳ ನೀರೇ.

ನಾಗರಬಾವಿ ನಿವಾಸಿ:
ನಿಮ್ಮ ಮಾತು ಸರಿ. ನಮ್ಮ ಬಡಾವಣೆಯ ರಾಜಕಾಲುವೆಯೂ ಅದೇ ಹೊಳೆಗೆ ಸೇರುತ್ತದೆ. ಆದರೆ ಕೊಳ್ಳುವವರು ಏನು ಮಾಡಬೇಕು ಎಂಬ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ.

ಕೃಷಿ ರಸಾಯನ ಓದಿದವಳು:
ಇಲ್ಲಿ ಮೂರು ಬೇರೆ ಬೇರೆ ಅಪಾಯಗಳು ಒಂದೇ ಭಯವಾಗಿ ಬೆರೆತುಹೋಗಿವೆ. ಅವನ್ನು ಬಿಡಿಸಿ ನೋಡದಿದ್ದರೆ ಪರಿಹಾರವೂ ತಪ್ಪುತ್ತದೆ.

ಭಾರಲೋಹಗಳು ನೀರು ಮತ್ತು ಮಣ್ಣಿನಿಂದ ಬರುತ್ತವೆ. ಕ್ಯಾಡ್ಮಿಯಂ ಬೇರಿನಿಂದ ಎಲೆಗೆ ಸುಲಭವಾಗಿ ಏರುತ್ತದೆ, ಹಾಗಾಗಿ ಸೊಪ್ಪುಗಳಲ್ಲಿ ಅದರ ಪ್ರಮಾಣ ಹೆಚ್ಚು. ಅದನ್ನು ಎಷ್ಟು ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಸೀಸ ಬಹುಮಟ್ಟಿಗೆ ಬೇರಿನಲ್ಲೇ ಉಳಿಯುತ್ತದೆ, ಎಲೆಯ ಮೇಲಿನ ಸೀಸದಲ್ಲಿ ದೂಳಾಗಿ ಕುಳಿತ ಪಾಲು ದೊಡ್ಡದು, ಆ ಪಾಲು ತೊಳೆದರೆ ಹೋಗುತ್ತದೆ. ಕಾಯಿಗಳಲ್ಲಿ, ಅಂದರೆ ಸೋರೆ, ಹೀರೆ, ಸೌತೆ, ಅವರೆಗಳಲ್ಲಿ ಸಾಮಾನ್ಯವಾಗಿ ಎಲೆಗಳಿಗಿಂತ ಕಡಿಮೆ. ಸೊಪ್ಪುಗಳಿಗೆ ಕಾನೂನಿನ ಮಿತಿ ಕಿಲೋಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ. ಇದನ್ನು ಕಣ್ಣಿನಿಂದಲೋ ರುಚಿಯಿಂದಲೋ ಕಂಡುಹಿಡಿಯಲು ಆಗುವುದೇ ಇಲ್ಲ.

ಎರಡನೆಯದು ಕೀಟನಾಶಕದ ಶೇಷ. ಮೇಲ್ಮೈಯಲ್ಲಿ ನಿಲ್ಲುವ ಔಷಧ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಸ್ವಲ್ಪಮಟ್ಟಿಗೆ ಹೋಗುತ್ತದೆ. ಇಮಿಡಾಕ್ಲೋಪ್ರಿಡ್‌ನಂತಹ ಅಂತರ್ವ್ಯಾಪಿ ಔಷಧಗಳು ಗಿಡದ ಒಳಗೇ ಹರಡುತ್ತವೆ, ಅವಕ್ಕೆ ತೊಳೆಯುವುದು ಸಾಲದು. ಸಿಂಪಡಣೆಗೂ ಕೊಯ್ಲಿಗೂ ನಡುವೆ ರೈತ ಎಷ್ಟು ದಿನ ಬಿಟ್ಟ ಎಂಬುದೇ ಮುಖ್ಯ.

ಮೂರನೆಯದು ರೋಗಾಣು. ನಮ್ಮಲ್ಲಿ ಜನರನ್ನು ತಕ್ಷಣ ಮಲಗಿಸುವುದು ಇದೇ, ಆದರೆ ಸುದ್ದಿಯಲ್ಲಿ ಇದರ ಹೆಸರೇ ಇರುವುದಿಲ್ಲ. ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆ. ಕೊಳಚೆ ನೀರಿನ ಸೊಪ್ಪಿನ ಸಾರಿಗಿಂತ ಅದೇ ನೀರಿನ ಕೊತ್ತಂಬರಿಯನ್ನು ಹಸಿಯಾಗಿ ಕೋಸಂಬರಿಗೆ ಉದುರಿಸುವುದು ಈ ದೃಷ್ಟಿಯಿಂದ ಹೆಚ್ಚು ಅಪಾಯಕಾರಿ.

ಜಯನಗರ ನಾಲ್ಕನೇ ಬ್ಲಾಕ್:
ಉಪ್ಪು ಮತ್ತು ಅರಿಶಿನದ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಎಲ್ಲ ವಿಷವೂ ಬಿಡುತ್ತದೆ ಎಂದು ವೈದ್ಯರೊಬ್ಬರ ವಿಡಿಯೊದಲ್ಲಿ ನೋಡಿದ್ದೇನೆ.

ಕೃಷಿ ರಸಾಯನ ಓದಿದವಳು:
ಹುಳು, ಮಣ್ಣು, ಒಂದಷ್ಟು ಮೇಲ್ಮೈ ಔಷಧ ಹೋಗಬಹುದು. ಎಲೆಯ ಒಳಗಿನ ಕ್ಯಾಡ್ಮಿಯಂ ಅರಿಶಿನಕ್ಕೆ ಜಗ್ಗುವುದಿಲ್ಲ.

ಹ್ಯಾಂಬರ್ಗ್ ಕನ್ನಡಿಗ:
ಸ್ಥಳೀಯ, ಸಾವಯವ ಎಂಬ ಎರಡು ಮಾತುಗಳ ಮೇಲೆ ಪೂರ್ತಿ ಭಾರ ಹಾಕಬಾರದು ಎಂಬುದಕ್ಕೆ ನಾನಿರುವ ದೇಶದ ಉದಾಹರಣೆ ಹೇಳುತ್ತೇನೆ. 2011ರ ಮೇ ತಿಂಗಳಲ್ಲಿ ಉತ್ತರ ಜರ್ಮನಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಉಗ್ರ ತಳಿ ಹರಡಿತು. ಸುಮಾರು 4 ಸಾವಿರ ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನರ ಮೂತ್ರಪಿಂಡ ಕೆಟ್ಟಿತು. ಹ್ಯಾಂಬರ್ಗ್‌ನ ಅಧಿಕಾರಿಗಳು ಮೊದಲು ಬೆರಳು ತೋರಿಸಿದ್ದು ಸ್ಪೇನ್‌ನ ಸೌತೆಕಾಯಿಯ ಕಡೆಗೆ. ಅಂಗಡಿಗಳಲ್ಲಿ ಸೌತೆ, ಟೊಮೆಟೊ, ಲೆಟಿಸ್‌ಗಳನ್ನು ಜನ ಮುಟ್ಟಲಿಲ್ಲ, ರಷ್ಯಾ ಯುರೋಪಿನ ತರಕಾರಿಯನ್ನೇ ನಿಷೇಧಿಸಿತು, ಸ್ಪೇನ್‌ನ ರೈತರು ಬೆಳೆದದ್ದನ್ನು ಹೊಲದಲ್ಲೇ ನಾಶ ಮಾಡಿದರು. ಜೂನ್ 10ರಂದು ಸತ್ಯ ಹೊರಬಂತು: ಮೂಲ ಇದ್ದದ್ದು ಜರ್ಮನಿಯದೇ ಲೋವರ್ ಸ್ಯಾಕ್ಸನಿಯ ಒಂದು ಸಾವಯವ ತೋಟದ ಮೊಳಕೆಕಾಳುಗಳಲ್ಲಿ. ಮುಂದೆ ತನಿಖೆ ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜದವರೆಗೂ ಹೋಯಿತು. ಸೌತೆ ಬೆಳೆಗಾರರ ತಪ್ಪು ಏನೂ ಇರಲಿಲ್ಲ.

ಆ ವಾರಗಳಲ್ಲಿ ಇಲ್ಲಿ ದೂರದ ಸೌತೆಯನ್ನು ಬಿಟ್ಟು ಹತ್ತಿರದ ತೋಟದ್ದೆಂದು ನಂಬಿ ತಿಂದವರಲ್ಲಿ ಕೆಲವರಾದರೂ ಆ ಮೊಳಕೆಯನ್ನೇ ತಿಂದಿರಬೇಕು. ಯುರೋಪಿಯನ್ ಒಕ್ಕೂಟ ನಂತರ ಬೆಳೆಗಾರರಿಗೆ 20 ಕೋಟಿ ಯೂರೊಗೂ ಹೆಚ್ಚು ಪರಿಹಾರ ಕೊಟ್ಟಿತು. ನಮ್ಮಲ್ಲಿ ಸುಳ್ಳು ಭಯದಿಂದ ದರ ಬಿದ್ದಾಗ ಮಾಲೂರಿನ ರೈತರಿಗೆ ಯಾರು ಪರಿಹಾರ ಕೊಡುತ್ತಾರೆ?

ಮಾಲೂರಿನ ಬೆಳೆಗಾರ:
ಯಾರೂ ಕೊಡುವುದಿಲ್ಲ. ಅಂಥ ದಿನ ಕೊಯ್ಲಿನ ಕೂಲಿಯೂ ಹುಟ್ಟದೆ ಸೊಪ್ಪನ್ನು ಹಸುವಿಗೆ ಹಾಕುತ್ತೇವೆ.

ಬಸವನಗುಡಿಯವರು:
ಎಲ್ಲರೂ ರೈತರ ಪರ ಮಾತನಾಡುವುದು ಸರಿ, ಆದರೆ ಔಷಧ ಹೊಡೆದು ಮರುದಿನವೇ ಕೊಯ್ದು ಕಳುಹಿಸುವವರೂ ರೈತರೇ ಅಲ್ಲವೇ? ತಮ್ಮ ಮನೆಗೆ ಬೇರೆ ಮಡಿಯಲ್ಲಿ ಬೆಳೆದುಕೊಂಡು ನಮಗೆ ಔಷಧದ್ದನ್ನು ಕಳುಹಿಸುವವರನ್ನು ನಾನು ಬಲ್ಲೆ. ಅದಕ್ಕೆ ಏನು ಹೇಳುತ್ತೀರಿ?

ಮಾಲೂರಿನ ಬೆಳೆಗಾರ:
ಅಂಥವರು ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಹೇಗೆ ನಡೆಯುತ್ತದೆ ಎಂದು ತಿಳಿಯಿರಿ. ಹೂಕೋಸಿಗೆ ವಜ್ರಬೆನ್ನಿನ ಪತಂಗದ ಹುಳು ಬಿದ್ದರೆ ರೈತ ಹೋಗುವುದು ಔಷಧದ ಅಂಗಡಿಗೆ, ಕೃಷಿ ಅಧಿಕಾರಿಯ ಬಳಿಗಲ್ಲ. ಅಂಗಡಿಯವನು ಎರಡು ಬಾಟಲಿ ಕೊಟ್ಟು, ರಟ್ಟಿನ ಪೆಟ್ಟಿಗೆಯ ಹಿಂಬದಿಯಲ್ಲಿ ಕ್ಯಾನಿಗೆ ಇದು ಒಂದು ಮುಚ್ಚಳ, ಅದು ಅರ್ಧ ಮುಚ್ಚಳ ಎಂದು ಬರೆದುಕೊಡುತ್ತಾನೆ. ಕೊಯ್ಲಿಗೆ ಮೊದಲು ಎಷ್ಟು ದಿನ ಕಾಯಬೇಕು ಎಂಬುದು ಬಾಟಲಿಯ ಜೊತೆಗೆ ಮಡಚಿಟ್ಟ ಕಾಗದದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಇರುತ್ತದೆ. ಬಾಟಲಿಯ ಮೇಲಿನ ಬಣ್ಣದ ತ್ರಿಕೋನ ಕೆಂಪಾದರೆ ಅತಿ ವಿಷ, ನಂತರ ಹಳದಿ, ನೀಲಿ, ಹಸಿರು ಎಂಬ ಕ್ರಮ ಎಷ್ಟೋ ರೈತರಿಗೇ ಗೊತ್ತಿಲ್ಲ. ದರ ಏರಿದ ದಿನ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ದಾರಿ ಇಲ್ಲವೆಂದಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಲೆಕೋಸಿನ ಸಾಲುಗಳ ನಡುವೆ ಸಾಸಿವೆ ಬಿತ್ತಿ ಹುಳುವನ್ನು ಅದರತ್ತ ಸೆಳೆಯುವ ವಿಧಾನವನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಅವರ ಬೇವಿನ ಸೋಪು, ಹೊಂಗೆ ಸೋಪುಗಳನ್ನು ನಾನೂ ಬಳಸುತ್ತೇನೆ. ಟೊಮೆಟೊದಲ್ಲಿ ಅರ್ಕಾ ರಕ್ಷಕ್‌ನಂತಹ ರೋಗನಿರೋಧಕ ತಳಿ ಹಾಕಿದರೆ ಸಿಂಪಡಣೆ ಎಷ್ಟೋ ಕಡಿಮೆಯಾಗುತ್ತದೆ. ಆದರೆ ಹುಳು ಕಚ್ಚಿದ ಒಂದು ತೂತಿರುವ ಎಲೆಕೋಸನ್ನು ನೀವು ಪಕ್ಕಕ್ಕೆ ಸರಿಸಿದಾಗ, ಮುಂದಿನ ಬೆಳೆಗೆ ಇನ್ನೊಂದು ಸಿಂಪಡಣೆ ಸೇರಿಕೊಳ್ಳುತ್ತದೆ.

ಕೋಲಾರದವಳು:
ಕೊಳವೆಬಾವಿಯ ನೀರೇ ಶುದ್ಧ ಎಂದು ಮಾಲೂರಿನವರು ಇಷ್ಟು ಧೈರ್ಯವಾಗಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೊದಲ ಹಂತದ ಯೋಜನೆಯೇ ನಿತ್ಯ 440 ದಶಲಕ್ಷ ಲೀಟರಿನದು. ಆರಂಭದಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಯಿತು. ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರಿದು. ಮೂರನೇ ಹಂತದ ಸಂಸ್ಕರಣೆಯೂ ಬೇಕು ಎಂದು ನಮ್ಮ ಹೋರಾಟಗಾರರು ಇಂದಿಗೂ ಕೇಳುತ್ತಿದ್ದಾರೆ. ಸಾವಿರ ಅಡಿ ಕೊರೆದರೂ ನೀರು ಕಾಣದಿದ್ದ ಊರುಗಳಲ್ಲಿ ಅಂತರ್ಜಲ ಮೇಲೆ ಬಂದಿದೆ ಎಂಬ ಸಂತೋಷ ನಮಗಿದೆ, ಆದರೆ ಆ ನೀರಿನ ಗುಣವನ್ನು ಊರೂರಿಗೂ ಅಳೆದು ಜನರಿಗೆ ಹೇಳಬೇಕು.

ಮಾಲೂರಿನ ಬೆಳೆಗಾರ:
ತಾವು ಹೇಳುವುದು ಸರಿ. ನನ್ನ ಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟು ವರದಿ ಇಟ್ಟುಕೊಂಡಿದ್ದೇನೆ, ಧೈರ್ಯ ಅದರಿಂದ ಬಂದದ್ದು. ಕೇಳಿದವರಿಗೆ ತೋರಿಸುತ್ತೇನೆ. ಕೇಳಿದವರು ಮಾತ್ರ ಬಹಳ ಕಡಿಮೆ.

ಕಾನೂನು ಓದುಗ:
ಬಸವನಗುಡಿಯವರ ಪ್ರಶ್ನೆಗೆ ಕಾನೂನಿನ ಕಡೆಯಿಂದ ಎರಡು ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18ನೇ ಕಲಮಿನ 3ನೇ ಉಪಕಲಮು ರೈತನನ್ನೂ, ರೈತನ ಹಂತದಲ್ಲಿರುವ ಬೆಳೆಯನ್ನೂ ಕಾಯ್ದೆಯ ಹೊರಗಿಡುತ್ತದೆ. ಆದ್ದರಿಂದ ಹೊಣೆ ಶುರುವಾಗುವುದು ಮಾರುವವರಿಂದ. ಅದೇ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಂಡವರು ತಾವು ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಆ ಉದ್ದೇಶವನ್ನು ಮಾರಾಟಗಾರರಿಗೆ ತಿಳಿಸಬೇಕು, ದೋಷ ಕಂಡರೆ ಶುಲ್ಕ ವಾಪಸು ಬರುತ್ತದೆ. ಒಂದು ಬಡಾವಣೆಯ ಸಂಘ ಸೇರಿ ಹಣ ಹಾಕಿದರೆ, ತಾವು ನಿತ್ಯ ಕೊಳ್ಳುವ ಅಂಗಡಿಯ ಸೊಪ್ಪನ್ನು ಪರೀಕ್ಷೆ ಮಾಡಿಸುವುದು ಯಾರಿಗೂ ಭಾರವಾಗುವುದಿಲ್ಲ.

ಕೊಕ್ಕಡದ ಕಡೆಯವರು:
ಮನೆಯಲ್ಲಿ ಬೆಳೆದದ್ದಕ್ಕೆ ಭಯವಿಲ್ಲ ಎನ್ನುವವರಿಗೆ ದಕ್ಷಿಣ ಕನ್ನಡದಿಂದ ಒಂದು ಮಾತು. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ ನಮ್ಮ ಕಡೆಯವರು ತಿನ್ನುತ್ತಿದ್ದುದು ಹಿತ್ತಲಿನ ಬಸಳೆಯನ್ನೇ, ಕುಡಿಯುತ್ತಿದ್ದುದು ಅಂಗಳದ ಬಾವಿಯ ನೀರನ್ನೇ. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ಸಾಕುತ್ತಿರುವ ತಾಯಂದಿರು ನಮ್ಮ ಸುತ್ತಲಿನ ಊರುಗಳಲ್ಲಿ ಈಗಲೂ ಇದ್ದಾರೆ. ಪಕ್ಕದ ಹೊಲದಲ್ಲಿ ಏನು ಹೊಡೆಯುತ್ತಾರೆ ಎಂಬುದು ನಿಮ್ಮ ಬೇಲಿಯ ಒಳಗಿನ ಪ್ರಶ್ನೆಯೂ ಹೌದು.

ತಾರಸಿ ತೋಟ:
ಇದನ್ನು ಓದಿ ಮನಸ್ಸು ಭಾರವಾಯಿತು. ನಾನು ಹೇಳಿದ್ದು ನಗರದ ತಾರಸಿಯ ಮಟ್ಟಿಗೆ. ಅಲ್ಲಿ ಬೀಜ, ನೀರು, ಗೊಬ್ಬರ ಎಲ್ಲವೂ ನಮ್ಮ ಕೈಯಲ್ಲೇ ಇರುತ್ತದೆ.

ಕೃಷಿ ರಸಾಯನ ಓದಿದವಳು:
ಕೈಯಲ್ಲಿದ್ದರೂ ನೋಡಿಕೊಳ್ಳಬೇಕಾದವು ಇವೆ. ಬಣ್ಣದ, ರಾಸಾಯನಿಕದ ಹಳೆಯ ಡ್ರಮ್ಮುಗಳಲ್ಲಿ ಗಿಡ ಹಾಕಬೇಡಿ. ದೊಡ್ಡ ರಸ್ತೆಯ ಪಕ್ಕದ ತಾರಸಿಯಾದರೆ ಸೊಪ್ಪಿನ ಬದಲು ಕಾಯಿಪಲ್ಯ ಬೆಳೆಯಿರಿ. ನಗರದ ಕಸದಿಂದ ಮಾಡಿದ ಗೊಬ್ಬರ ತರುವಾಗ ಅದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡಕ್ಕೆ ಸರಿಯಿದೆಯೇ ಎಂದು ಚೀಲದ ಮೇಲೆ ಓದಿ. ಆ ಆದೇಶ ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ, 100 ಮಿಲಿಗ್ರಾಂ ಸೀಸದ ಮಿತಿ ಹಾಕಿದೆ. ಮಣ್ಣು ಹುಳಿಯಾಗಿದ್ದರೆ ಸ್ವಲ್ಪ ಸುಣ್ಣ ಸೇರಿಸಿ, ಕ್ಯಾಡ್ಮಿಯಂ ಎಲೆಗೆ ಏರುವುದು ಕಡಿಮೆಯಾಗುತ್ತದೆ. ಮತ್ತೊಂದು ಮುಖ್ಯ ಮಾತು: ಜೀವಾಮೃತ, ಹಸಿ ಸಗಣಿ ನೀರುಗಳನ್ನು ಹಸಿಯಾಗಿ ತಿನ್ನುವ ಎಲೆಗಳ ಮೇಲೆ ಚಿಮುಕಿಸಬೇಡಿ, ಬುಡಕ್ಕೂ ಬಹಳ ಮೊದಲೇ ಹಾಕಿ. ಅಮೆರಿಕದ ಸಾವಯವ ನಿಯಮಗಳಲ್ಲಿ ಹಸಿ ಗೊಬ್ಬರ ಹಾಕಿದ ಮೇಲೆ ಮಣ್ಣಿಗೆ ತಾಗುವ ಬೆಳೆಯಾದರೆ ಕೊಯ್ಲಿಗೆ 120 ದಿನ ಕಾಯಬೇಕು ಎಂದಿರುವುದು ಇದೇ ಕಾರಣಕ್ಕೆ.

ಜಯನಗರ ನಾಲ್ಕನೇ ಬ್ಲಾಕ್:
ನಾವು ಚಿಕ್ಕಂದಿನಿಂದ ಹಾಪ್‌ಕಾಮ್ಸ್‌ನಿಂದಲೇ ತರುವವರು. ತೋಟಗಾರಿಕೆ ಇಲಾಖೆಯ ಮರಿಗೌಡರ ಕಾಲದಲ್ಲಿ, 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆ ಅದು. ರೈತನಿಂದ ನೇರವಾಗಿ ಕೊಳ್ಳುವ ವ್ಯವಸ್ಥೆ ಅಲ್ಲಿ ಈಗಾಗಲೇ ಇರುವುದರಿಂದ, ಪ್ರತಿ ಬುಟ್ಟಿಯ ಮೇಲೆ ಊರಿನ ಹೆಸರು ಬರೆಯುವ ಕೆಲಸವನ್ನು ಅಲ್ಲಿಂದಲೇ ಶುರು ಮಾಡಬಹುದಲ್ಲವೇ?

ಬಸವನಗುಡಿಯವರು:
ಊರಿನ ಹೆಸರು ಬರೆದರೆ ಬೈರಮಂಗಲದ ಸುತ್ತಲಿನ ರೈತರ ಬುಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಅವರ ಗತಿ ಏನು?

ಬಿಡದಿ ಕಡೆಯವನು:
ಈ ಪ್ರಶ್ನೆ ಕೇಳಿದ್ದಕ್ಕೆ ಧನ್ಯವಾದ. ಹೆಸರು ಬರೆಯಲಿ, ನಮಗೆ ಅಂಜಿಕೆಯಿಲ್ಲ. ನಮ್ಮ ಬುಟ್ಟಿ ಮಾರಾಟವಾಗದೆ ಉಳಿದರೆ ಹೊಳೆಯ ನೀರಿನ ವಿಷಯ ಕೊನೆಗಾದರೂ ವಿಧಾನಸೌಧಕ್ಕೆ ಮುಟ್ಟೀತು. ಆದರೆ ಅಷ್ಟರವರೆಗೆ ನಮಗೆ ಹೂವು, ಹಿಪ್ಪುನೇರಳೆ, ಮರದ ಬೆಳೆಗಳಿಗೆ ಹೊರಳಲು ಸರ್ಕಾರ ನೆರವು ಕೊಡಬೇಕು. ತಿನ್ನದ ಬೆಳೆ ಬೆಳೆಯುವುದಕ್ಕೆ ನಾವು ತಯಾರಿದ್ದೇವೆ.

ಶಿರಸಿಯಿಂದ:
ಪ್ರಮಾಣಪತ್ರದ ವಿಷಯವನ್ನು ಯಾರೂ ಎತ್ತಲಿಲ್ಲ. ಸಾವಯವ ಕೃಷಿ ನೀತಿಯನ್ನು 2004ರಲ್ಲೇ ತಂದ ರಾಜ್ಯ ನಮ್ಮದು. ರೈತರೇ ಗುಂಪು ಕಟ್ಟಿ ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸುವ ಪಿಜಿಎಸ್ ಪದ್ಧತಿಯಲ್ಲಿ ಸಣ್ಣ ಹಿಡುವಳಿದಾರರಿಗೆ ಖರ್ಚು ಕಡಿಮೆ. ಪೊಟ್ಟಣದ ಮೇಲೆ ಸಾವಯವ ಆಹಾರದ ಜೈವಿಕ್ ಭಾರತ್ ಗುರುತು ಇದೆಯೇ ಎಂದು ನೋಡಿ. ಆದರೆ ಪ್ರಮಾಣಪತ್ರ ಹೇಳುವುದು ಬೆಳೆದ ವಿಧಾನವನ್ನು. ಇಂದು ನಿಮ್ಮ ಚೀಲಕ್ಕೆ ಬಿದ್ದ ಕಟ್ಟನ್ನು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ ಎಂದು ಅದರ ಅರ್ಥವಲ್ಲ.

ನಾಗರಬಾವಿ ನಿವಾಸಿ:
ಎಲ್ಲರಿಗೂ ಧನ್ಯವಾದ. ನಮ್ಮ ಗುಂಪಿನಲ್ಲಿ ಮಾತನಾಡಿದೆ. ಹನ್ನೆರಡು ಮನೆಯವರು ಸೇರಿ ಒಬ್ಬ ಬೆಳೆಗಾರರಿಂದಲೇ ವಾರಕ್ಕೆರಡು ಸಲ ಸೊಪ್ಪು ತರಿಸುವುದೆಂದೂ, ನೀರಿನ ಪರೀಕ್ಷೆಯ ವರದಿಯನ್ನು ಮೊದಲೇ ನೋಡುವುದೆಂದೂ, ಸುದ್ದಿ ಏನೇ ಬಂದರೂ ಒಂದು ಬೆಳೆಯ ಅವಧಿಯವರೆಗೆ ಖರೀದಿ ನಿಲ್ಲಿಸಬಾರದೆಂದೂ ಒಪ್ಪಿದ್ದೇವೆ. ತೂತಿರುವ ಎಲೆ, ಮಣ್ಣು ಮೆತ್ತಿದ ಮೂಲಂಗಿಗೆ ತಕರಾರಿಲ್ಲ. ಮಾಲೂರಿನವರೇ, ನಿಮಗೆ ಇದು ಆಗುತ್ತದೆಯೇ? ಸಾಗಾಣಿಕೆಯ ಖರ್ಚನ್ನು ನಾವೇ ಕೊಡುತ್ತೇವೆ.

ಮಾಲೂರಿನ ಬೆಳೆಗಾರ:
ಹನ್ನೆರಡು ಮನೆಗೆ ಗಾಡಿ ತಂದರೆ ನಿಮಗೇ ದುಬಾರಿಯಾಗುತ್ತದೆ. ನಲವತ್ತು ಮನೆಯಾದರೆ ಮಂಡಿಯ ದರಕ್ಕಿಂತ ಸ್ವಲ್ಪ ಹೆಚ್ಚಿಗೆ, ನಿಮ್ಮ ಅಂಗಡಿಯ ದರಕ್ಕಿಂತ ಕಡಿಮೆಗೆ ಕೊಡಬಲ್ಲೆ. ಮಳೆಗಾಲದಲ್ಲಿ ಕೊತ್ತಂಬರಿ ಕೊಳೆತರೆ ಅದರ ಬದಲು ನುಗ್ಗೆಸೊಪ್ಪು ಬರುತ್ತದೆ, ಅದನ್ನು ಒಪ್ಪಬೇಕು. ವರದಿಯ ಪ್ರತಿಯನ್ನು ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ.

ಕಾನೂನು ಓದುಗ:
ದರ, ದಿನ, ಬದಲಿ ಬೆಳೆ ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮುಂದಿನ ಸುದ್ದಿ ಬಂದಾಗ ಬೆಳೆಗಾರರ ಕೈಯಲ್ಲಿ ಅದೊಂದು ಆಧಾರವಾಗಿರಲಿ.

ಜಯನಗರ ನಾಲ್ಕನೇ ಬ್ಲಾಕ್:
ಹೊನಗೊನೆ ಸೊಪ್ಪನ್ನು ಚರಂಡಿಯ ಅಂಚಿನಿಂದ ಕೊಯ್ದು ತರುತ್ತಾರೆ ಎಂದು ಕೇಳಿದ ಮೇಲೆ ಕೊಳ್ಳುವುದನ್ನೇ ಬಿಟ್ಟಿದ್ದೇವೆ. ಅದರ ಬೀಜ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳಬಲ್ಲಿರಾ?

ತಾರಸಿ ತೋಟ:
ಬೀಜ ಬೇಕಾಗಿಲ್ಲ. ಎರಡು ಗಿಣ್ಣಿರುವ ಕಡ್ಡಿಯನ್ನು ಅಗಲವಾದ ಡಬ್ಬದಲ್ಲಿ ನೆಟ್ಟು ಮಣ್ಣು ಒಣಗದಂತೆ ನೋಡಿಕೊಂಡರೆ ತಾನಾಗಿ ಹಬ್ಬುತ್ತದೆ. ನನ್ನಲ್ಲಿ ಸಾಕಷ್ಟಿದೆ, ಕಡ್ಡಿ ಬೇಕಾದವರು ಸಂದೇಶ ಕಳುಹಿಸಿ.